‘ತುಗನ್ ತೆಲ್’: ತಾಯ್ನುಡಿಯೋ, ಮನೆಮಾತೋ?

ಮಾನ್ಯರೇ,

ರಷ್ಯಾದ ಪಾಪ್ ಗಾಯಕಿ ಅಲ್ಸು ಅವರನ್ನು ಕನ್ನಡದಲ್ಲಿ ಪರಿಚಯಿಸುವ ಲೇಖನವೊಂದನ್ನು ಬರೆಯುತ್ತಿದ್ದೇನೆ. ಅದರಲ್ಲಿ ಎದುರಾದ ಎರಡು ಪದಗಳ ಬಗ್ಗೆ ತಿಳಿದವರ ಅಭಿಪ್ರಾಯ ಬೇಕಾಗಿದೆ.

1983ರಲ್ಲಿ ತಾತಾರ್ ಜನಾಂಗದ ನಾಡಾದ, ರಷ್ಯಾದೊಳಗಿನ ತಾತಾರ್‌ಸ್ತಾನದ ಬುಗುಲ್ಮಾದಲ್ಲಿ ಹುಟ್ಟಿದ ಇವರು 1999ರಲ್ಲಿ ರಷ್ಯನ್ ಹಾಡುಗಳ ಮೂಲಕ ಹೆಸರಾದರು. ಮರುವರ್ಷ ಸ್ಟಾಕ್‌ಹೋಮ್‌ನಲ್ಲಿ ನಡೆದ, ಯೂರೋಪಿನ ದೇಶಗಳ ನಡುವಿನ ಹಾಡಿನ ಸ್ಪರ್ಧೆಯಾದ ಯೂರೋವಿಷನ್‌ನಲ್ಲಿ, ಇನ್ನೂ ಹದಿನೇಳು ತುಂಬುವ ಮೊದಲೇ, ಇಂಗ್ಲಿಷ್ ಹಾಡೊಂದನ್ನು ಹಾಡಿ 155 ಅಂಕಗಳೊಂದಿಗೆ ಎರಡನೆಯ ಸ್ಥಾನ ಪಡೆದರು. ರಷ್ಯಾ ಅಲ್ಲಿಯವರೆಗೆ ಆ ಸ್ಪರ್ಧೆಯಲ್ಲಿ ಅಷ್ಟು ಮೇಲಕ್ಕೆ ಬಂದಿರಲಿಲ್ಲ. 2009ರಲ್ಲಿ ಅದೇ ಸ್ಪರ್ಧೆ ಮಾಸ್ಕೋದಲ್ಲಿ ನಡೆದಾಗ ಅಂತಿಮ ಸುತ್ತಿನ ನಿರೂಪಕರಲ್ಲಿ ಇವರೂ ಒಬ್ಬರು.

ಮೊದಲ ಪದ ‘ರಷ್ಯನ್’. ಜನಾಂಗವನ್ನೂ ಭಾಷೆಯನ್ನೂ ಹೇಳುವಾಗ ರಷ್ಯನ್ ಭಾಷೆಯಲ್ಲಿ ‘ರೂಸ್ಕಿ’ ಎನ್ನುತ್ತಾರೆ, ದೇಶಕ್ಕೆ ಸೇರಿದ್ದನ್ನು ‘ರೊಸ್ಸೀಸ್ಕಿ’ ಎನ್ನುತ್ತಾರೆ. ತಾತಾರ್ ಭಾಷೆಯಲ್ಲೂ ಹಾಡುವ ಗಾಯಕಿಯನ್ನು ‘ರಷ್ಯನ್ ಗಾಯಕಿ’ ಎಂದರೆ ಈ ಭೇದ ಅಳಿಸಿಹೋಗುವುದರಿಂದ ನಾನು ‘ರಷ್ಯಾದ ಗಾಯಕಿ’ ಎಂದೇ ಬರೆದಿದ್ದೇನೆ. ನಮ್ಮ ಷಷ್ಠೀ ವಿಭಕ್ತಿಯೇ ಇಲ್ಲಿ ಸಾಕೆಂದು ನನಗೆ ಅನ್ನಿಸುತ್ತದೆ.

ನಿಜವಾದ ತೊಡಕು ಎರಡನೆಯದರಲ್ಲಿದೆ. ರಷ್ಯನ್ ಮತ್ತು ಇಂಗ್ಲಿಷ್ ಆಲ್ಬಮ್‌ಗಳ ನಂತರ, 2008ರಲ್ಲಿ, ಅಲ್ಸು ತಾತಾರ್ ಮತ್ತು ಅದರ ಹತ್ತಿರದ ಭಾಷೆಯಾದ ಬಷ್ಕೀರ್ ಹಾಡುಗಳ ಆಲ್ಬಮ್ ತಂದರು. ಅದರ ಹೆಸರು ‘ತುಗನ್ ತೆಲ್’. ತಾತಾರ್ ಕವಿ ಗಬ್ದುಲ್ಲಾ ತುಕಾಯ್ (1886–1913) ಬರೆದ, ತಾತಾರರೆಲ್ಲರಿಗೂ ಬಾಯಿಪಾಠವಿರುವ ಕವಿತೆಯ ಹೆಸರೂ ಇದೇ. ‘ತೆಲ್’ ಎಂದರೆ ನಾಲಗೆಯೂ ಹೌದು, ಭಾಷೆಯೂ ಹೌದು. ‘ತುಗನ್’ ಎಂಬುದಕ್ಕೆ ‘ಹುಟ್ಟಿದ’ ಎಂಬ ಅರ್ಥದ ಜೊತೆಗೆ ‘ಬಂಧು’ ಎಂಬ ಅರ್ಥವೂ ಇದೆ. ಸಲೀಸಾಗಿ ‘ತಾಯ್ನುಡಿ’ ಎಂದುಬಿಡಬಹುದು. ಆದರೆ ಕವಿತೆ ಆ ಭಾಷೆಯನ್ನು ಅಪ್ಪ ಅಮ್ಮ ಇಬ್ಬರ ನುಡಿಯೆಂದು ಕರೆಯುತ್ತದೆ. ತೊಟ್ಟಿಲಲ್ಲಿ ಅಮ್ಮ ಹಾಡಿದ್ದನ್ನೂ ರಾತ್ರಿಯೆಲ್ಲಾ ಅಜ್ಜಿ ಕಥೆ ಹೇಳಿದ್ದನ್ನೂ ನೆನೆಯುತ್ತದೆ. ಇಷ್ಟು ಜನರಿರುವ ಪದವನ್ನು ತಾಯಿಯೊಬ್ಬಳಿಗೆ ಕಟ್ಟಿಹಾಕಲು ನನಗೆ ಮನಸ್ಸಿಲ್ಲ.

‘ಮನೆಮಾತು’ ಹೆಚ್ಚು ಹತ್ತಿರವೆಂದು ತೋರುತ್ತದೆ. ನಮ್ಮಲ್ಲೂ ಶಾಲೆ, ಕಚೇರಿಗಳಲ್ಲಿ ಕನ್ನಡ ಬಳಸುವವರು ‘ನಮ್ಮ ಮನೆಮಾತು ತುಳು’, ‘ನಮ್ಮದು ಕೊಂಕಣಿ’ ಎನ್ನುವಾಗ ಇದೇ ಭಾವವಿರುತ್ತದೆ. ಆದರೆ ‘ಮನೆಮಾತಾದ ಗಾಯಕಿ’ ಎಂಬ ಬಳಕೆ ಪತ್ರಿಕೆಗಳಲ್ಲಿ ಎಷ್ಟು ಬೇರೂರಿದೆಯೆಂದರೆ, ಪ್ರಸಿದ್ಧ ಗಾಯಕಿಯೊಬ್ಬರ ಆಲ್ಬಮ್‌ಗೆ ‘ಮನೆಮಾತು’ ಎಂಬ ಹೆಸರು ಕಂಡ ಓದುಗರು ಅದನ್ನು ಅವರ ಜನಪ್ರಿಯತೆಯ ಮಾತೆಂದೇ ತಿಳಿಯುವ ಸಂಭವವಿದೆ. ‘ಹುಟ್ಟುನುಡಿ’ ಎಂದು ಹೊಸದಾಗಿ ಕಟ್ಟಿದರೆ ಮೂಲದ ಧಾತುವಿಗೆ ನಿಷ್ಠವಾದೀತು, ಆದರೆ ಅದರಲ್ಲಿ ಮನೆಯ ಬೆಚ್ಚನೆಯ ಭಾವವಿಲ್ಲ.

‘ಮನೆನುಡಿ’ ಎಂಬ ರೂಪವನ್ನು ಯಾರಾದರೂ ಬರಹದಲ್ಲಿ ಕಂಡಿದ್ದೀರಾ? ಕಂಡಿದ್ದರೆ ಯಾವ ಅರ್ಥದಲ್ಲಿ, ಯಾವ ಪ್ರದೇಶದವರ ಬರಹದಲ್ಲಿ ಎಂಬುದನ್ನು ದಯವಿಟ್ಟು ತಿಳಿಸಿ.