ದಾವಣಗೆರೆ, ಚಿತ್ರದುರ್ಗದಲ್ಲಿ ಹಳೆಯ ಸ್ಪೋರ್ಟ್ಸ್ ಕಾರು: ಇಟ್ಟುಕೊಂಡವರ ಅನುಭವ

ಪ್ರಶ್ನೆ, ದಾವಣಗೆರೆಯಿಂದ

ನಾನು ಅಡಿಕೆ ವ್ಯಾಪಾರಿ, ವಯಸ್ಸು ನಲವತ್ತೊಂದು. ಮನೆಮಂದಿಯ ಓಡಾಟಕ್ಕೆ ದೊಡ್ಡ ಕಾರೊಂದಿದೆ. ಛಾವಣಿ ಮಡಚಬಹುದಾದ ಎರಡು ಸೀಟಿನ ಸ್ಪೋರ್ಟ್ಸ್ ಕಾರು ಕೊಳ್ಳಬೇಕೆಂಬ ಆಸೆ ಕಾಲೇಜು ದಿನಗಳಿಂದಲೂ ಇದೆ. ಹೊಸದನ್ನು ಕೊಳ್ಳುವ ಶಕ್ತಿ ಇಲ್ಲ. 2010ರ ಆಸುಪಾಸಿನದೊಂದು ಬೆಂಗಳೂರಿನಲ್ಲಿ ಮಾರಾಟಕ್ಕಿದೆ. ನಮ್ಮ ರಸ್ತೆ, ನಮ್ಮ ಬಿಸಿಲು, ನಮ್ಮ ಊರಿನ ಗ್ಯಾರೇಜುಗಳ ನಡುವೆ ಇಂಥ ಕಾರನ್ನು ಇಟ್ಟುಕೊಂಡವರು ಅದರ ಸುಖವನ್ನೂ ಕಷ್ಟವನ್ನೂ ಇದ್ದ ಹಾಗೆ ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ, ಚಿತ್ರದುರ್ಗದಿಂದ

ಸರ್, ನನ್ನ ಬಳಿ ಇಂಥದೇ ಕಾರು ಆರು ವರ್ಷಗಳಿಂದ ಇದೆ. ಬಟ್ಟೆಯ ಛಾವಣಿ, ಎರಡು ಸೀಟು. ಇಂಜಿನ್ ಬೆನ್ನ ಹಿಂದೆ, ಹಿಂದಿನ ಆಕ್ಸಲ್‌ಗಿಂತ ಮುಂದೆ ಕೂತಿದೆ. ಮೊದಲು ಸುಖದ ಮಾತನ್ನೇ ಹೇಳುತ್ತೇನೆ, ಏಕೆಂದರೆ ಕಷ್ಟಗಳನ್ನು ಎಲ್ಲರೂ ಹೇಳುತ್ತಾರೆ, ಸುಖ ಯಾವುದರಲ್ಲಿದೆ ಎಂಬುದನ್ನು ಕಾರು ಇಟ್ಟುಕೊಂಡವರಷ್ಟೇ ಹೇಳಬಲ್ಲರು.

ಅದು ವೇಗದಲ್ಲಿ ಇಲ್ಲ. ನಮ್ಮೂರಿನಿಂದ ನಿಮ್ಮೂರಿಗೆ ರಾಷ್ಟ್ರೀಯ ಹೆದ್ದಾರಿ 48ರಲ್ಲಿ, ಭರಮಸಾಗರ ಮತ್ತು ಆನಗೋಡು ದಾಟಿಕೊಂಡು ಸುಮಾರು 60 ಕಿಲೋಮೀಟರ್ ನೆಟ್ಟಗೆ ಹೋಗುವುದು ಈ ಕಾರಿಗೆ ಅತ್ಯಂತ ಬೇಸರದ ಕೆಲಸ. ಅಲ್ಲಿ ಯಾವ ಕಾರಾದರೂ ಒಂದೇ. ಅದೇ ಹೊಳಲ್ಕೆರೆ ಕಡೆಯ ರಸ್ತೆಯಲ್ಲಿ ಬೆಳಗಿನ ಆರು ಗಂಟೆಗೆ, ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ, ಮೂರನೆಯ ಗೇರಿನಲ್ಲಿ ತಿರುವಿಗೆ ಬಂದಾಗ, ಮುಂಚಕ್ರದ ಕೆಳಗಿರುವುದು ಜಲ್ಲಿಯೋ ನಯವಾದ ಡಾಂಬರೋ ಎಂಬುದು ಸ್ಟಿಯರಿಂಗ್ ಹಿಡಿದ ಬೆರಳಿಗೆ ಗೊತ್ತಾಗುತ್ತದೆ. ಭಾರವೆಲ್ಲ ನಾಲ್ಕು ಚಕ್ರಗಳ ನಡುವೆ, ನೆಲಕ್ಕೆ ಹತ್ತಿರದಲ್ಲಿ ಇರುವುದರಿಂದ ಕಾರು ವಾಲುವುದಿಲ್ಲ, ತಿರುಗುತ್ತದೆ ಅಷ್ಟೇ. ಜನವರಿಯ ಚಳಿಯಲ್ಲಿ ಛಾವಣಿ ತೆಗೆದು, ಕಾಲಿನ ಕಡೆಗೆ ಮಾತ್ರ ಹೀಟರ್ ಹಾಕಿಕೊಂಡು, ಗುಡ್ಡದ ಮೇಲಿನ ಗಾಳಿಯಂತ್ರಗಳು ತಿರುಗುವುದನ್ನು ತಲೆಯೆತ್ತಿ ನೋಡುತ್ತಾ ಹೋದ ಬೆಳಗುಗಳನ್ನು ನಾನು ಲೆಕ್ಕ ಇಟ್ಟಿಲ್ಲ, ಆದರೆ ಒಂದೂ ಮರೆತಿಲ್ಲ.

ಇನ್ನು ಕಷ್ಟಗಳು. ನನ್ನನ್ನು ಹೆಚ್ಚು ಕಾಡಿದ್ದು ಇಂಜಿನ್ ಅಲ್ಲ, ನೀರು. ಬಟ್ಟೆಯ ಛಾವಣಿಯ ಕಾರುಗಳಲ್ಲಿ ಛಾವಣಿ ಮಡಚಿ ಕೂರುವ ಜಾಗದ ಎರಡೂ ಮೂಲೆಗಳಲ್ಲಿ ಮಳೆನೀರು ಇಳಿದುಹೋಗಲು ಸಣ್ಣ ರಂಧ್ರ, ಅದರಿಂದ ಕೆಳಕ್ಕೆ ಒಂದು ಕೊಳವೆ ಇರುತ್ತದೆ. ನಮ್ಮ ಮನೆಯ ಮುಂದೆ ಹೊಂಗೆ ಮರವಿದೆ. ಬೇಸಿಗೆಯಲ್ಲಿ ಅದರ ಹೂವು ಅಕ್ಕಿ ಚೆಲ್ಲಿದ ಹಾಗೆ ಉದುರುತ್ತದೆ. ನೆರಳಿದೆಯಲ್ಲ ಎಂದು ನಾನು ಕಾರನ್ನು ಅಲ್ಲಿಯೇ ನಿಲ್ಲಿಸುತ್ತಿದ್ದೆ. ಹೂವು ಒಳಗೆ ಸೇರಿ, ದೂಳಿನೊಂದಿಗೆ ಬೆರೆತು, ರಂಧ್ರವನ್ನು ಹಿಟ್ಟು ಮೆತ್ತಿದ ಹಾಗೆ ಮುಚ್ಚಿಬಿಟ್ಟಿತ್ತು. ಮೇ ತಿಂಗಳ ಒಂದು ರಾತ್ರಿ ಗುಡುಗು ಸಹಿತ ಮಳೆ ಬಂದು, ಮರುದಿನ ಬೆಳಿಗ್ಗೆ ಬಾಗಿಲು ತೆಗೆದರೆ ಚಾಪೆಯ ಕೆಳಗೆ ನಾಲ್ಕು ಬೆರಳು ನೀರು. ಸೀಟಿನ ಕೆಳಗಿದ್ದ ಎಲೆಕ್ಟ್ರಾನಿಕ್ ಪೆಟ್ಟಿಗೆ ನೆನೆದು, ಕೀಲಿಯ ರಿಮೋಟಿಗೆ ಕಾರು ಓಗೊಡುವುದನ್ನೇ ನಿಲ್ಲಿಸಿತು. ಆ ಪೆಟ್ಟಿಗೆ ಬದಲಿಸಲು ಆದ ಖರ್ಚಿನಲ್ಲಿ ಒಂದು ಸ್ಕೂಟರ್ ಬರುತ್ತಿತ್ತು. ತಪ್ಪು ಕಾರಿನದಲ್ಲ, ಆ ರಂಧ್ರವನ್ನು ನೋಡದ ನನ್ನದು. ಈಗ ತಿಂಗಳಿಗೊಮ್ಮೆ ಹುಲ್ಲಿನ ಕಡ್ಡಿಯಷ್ಟು ಮೃದುವಾದ ಪ್ಲಾಸ್ಟಿಕ್ ತಂತಿಯನ್ನು ಇಳಿಸಿ, ಒಂದು ಲೋಟ ನೀರು ಹುಯ್ದು, ಅದು ಚಕ್ರದ ಹಿಂದೆ ನೆಲಕ್ಕೆ ಬೀಳುವುದನ್ನು ಕಣ್ಣಾರೆ ನೋಡಿದ ಮೇಲೆಯೇ ಏಳುತ್ತೇನೆ. ನೀವು ನೋಡಲು ಹೋಗುವ ಕಾರಿನಲ್ಲಿಯೂ ಮೊದಲು ಚಾಪೆ ಎತ್ತಿ ಕೈಯಿಟ್ಟು ನೋಡಿ. ತೇವ ಅಥವಾ ಮುಗ್ಗಲು ವಾಸನೆ ಇದ್ದರೆ ಮುಂದಿನ ಮಾತು ಬೇಡ.

ಎರಡನೆಯದು, ನೆಲಕ್ಕೂ ಕಾರಿಗೂ ಇರುವ ಅಂತರ. ಇಂಥ ಕಾರುಗಳಲ್ಲಿ ಅದು ಸುಮಾರು 110ರಿಂದ 130 ಮಿಲಿಮೀಟರ್ ಮಾತ್ರ. ಹಳ್ಳಿಗಳ ಮುಂದೆ ಊರಿನವರೇ ಹಾಕಿಸಿಕೊಂಡ, ಬಣ್ಣವೂ ಇಲ್ಲದ ಹಂಪ್‌ಗಳನ್ನು ನೇರವಾಗಿ ಹತ್ತಿದರೆ ಹೊಟ್ಟೆ ಉಜ್ಜುತ್ತದೆ. ಓರೆಯಾಗಿ, ಒಂದೊಂದೇ ಚಕ್ರವನ್ನು ಹತ್ತಿಸಿ ಇಳಿಸಬೇಕು. ಹಿಂದಿನಿಂದ ಬಸ್ಸಿನವರು ಹಾರನ್ ಹೊಡೆದರೆ ಹೊಡೆಯಲಿ. ಸುಗ್ಗಿಯ ಕಾಲದಲ್ಲಿ ಇನ್ನೊಂದು ಅಪಾಯವಿದೆ. ಒಕ್ಕಣೆಗೆಂದು ರಸ್ತೆಯ ಮೇಲೆ ಹರಡಿದ ಹುರುಳಿಯ ಬಳ್ಳಿ ತಗ್ಗು ಕಾರಿನ ತಳಕ್ಕೆ ಸುತ್ತಿಕೊಂಡು, ಕಾದ ಸೈಲೆನ್ಸರ್ ಪೈಪಿಗೆ ತಾಗಿದರೆ ಬೆಂಕಿ ಹತ್ತಿಕೊಳ್ಳುತ್ತದೆ. ನಾನು ಒಮ್ಮೆ ಹೊಗೆಯ ವಾಸನೆ ಬಂದು ನಿಲ್ಲಿಸಿ, ಮೊಣಕಾಲೂರಿ ಬಳ್ಳಿಯನ್ನು ಕೈಯಿಂದ ಕಿತ್ತಿದ್ದೇನೆ. ಪಕ್ಕದ ಹೊಲದ ಅಜ್ಜಿ ಕೊಡದಲ್ಲಿ ನೀರು ತಂದು ನಿಂತಿದ್ದರು. ಆ ಮೇಲೆ ಹುರುಳಿ ಕಂಡರೆ ತಿರುಗಿಸಿಕೊಂಡು ಬೇರೆ ದಾರಿ ಹಿಡಿಯುತ್ತೇನೆ, ಕಾರಿನಲ್ಲಿ ಬೆಂಕಿ ನಂದಿಸುವ ಸಿಲಿಂಡರ್ ಇಟ್ಟಿದ್ದೇನೆ.

ಬಿಸಿಲಿನ ಬಗ್ಗೆ ಕೇಳಿದ್ದೀರಿ. ಇಂಜಿನ್ ಹಿಂದಿದ್ದರೂ ಇಂಥ ಕಾರುಗಳ ರೇಡಿಯೇಟರ್‌ಗಳು ಸಾಮಾನ್ಯವಾಗಿ ಮುಂದಿನ ಬಂಪರಿನ ಎರಡು ಮೂಲೆಗಳಲ್ಲಿರುತ್ತವೆ. ಅಲ್ಲಿ ಎಲೆ, ಪ್ಲಾಸ್ಟಿಕ್ ಚೀಲ, ದೂಳು ಸೇರಿ ಗಾಳಿ ಆಡದಂತಾಗುತ್ತದೆ; ಅದರ ಮುಂದಿರುವ ಎ.ಸಿ. ಕಂಡೆನ್ಸರ್ ಆ ಕಸದ ತೇವಕ್ಕೆ ತೂತು ಬೀಳುತ್ತದೆ. ವರ್ಷಕ್ಕೊಮ್ಮೆ, ಬೇಸಿಗೆಗೆ ಮುಂಚೆ, ಬಂಪರ್ ಬಿಚ್ಚಿಸಿ ತೊಳೆಸಿದರೆ ಏಪ್ರಿಲ್‌ನಲ್ಲಿಯೂ ಉಷ್ಣತೆಯ ಮುಳ್ಳು ಅಲುಗುವುದಿಲ್ಲ. ಈ ಕೆಲಸವನ್ನು ನಮ್ಮ ಊರಿನ ಗ್ಯಾರೇಜಿನಲ್ಲಿಯೇ ನಾನು ಪಕ್ಕದಲ್ಲಿ ನಿಂತು ಮಾಡಿಸುತ್ತೇನೆ.

ಉತ್ತರ, ದಾವಣಗೆರೆಯಿಂದ

ಮೇಲಿನವರು ಕಾರಿನ ಜೊತೆಗೇ ಇದ್ದಾರೆ. ನಾನು ಮೂರು ವರ್ಷ ಇಟ್ಟುಕೊಂಡು ಮಾರಿದವನು. ಮಾರಿದ್ದು ಕಾರು ಬೇಡವಾಗಿ ಅಲ್ಲ, ಅದಕ್ಕೆ ಬೇಕಾದಷ್ಟು ಸಮಯವನ್ನು ನಾನು ಕೊಡಲಾಗಲಿಲ್ಲ ಎಂದು.

ನನ್ನದು ಎರಡು ಕ್ಲಚ್‌ಗಳ ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಕಾರು. ಕೆಲಸದ ಒತ್ತಡದಲ್ಲಿ ಅದು ಮೂರು ನಾಲ್ಕು ವಾರ ಕದಲದೆ ನಿಲ್ಲುತ್ತಿತ್ತು. ಒಂದು ದಿನ ಪಿ.ಬಿ. ರಸ್ತೆಯಲ್ಲಿ ಡ್ಯಾಶ್‌ಬೋರ್ಡಿನ ಮೇಲೆ ಗೇರ್‌ಬಾಕ್ಸ್, ಬ್ರೇಕ್, ಏರ್‌ಬ್ಯಾಗ್ ಎಂದು ಸಾಲಾಗಿ ಎಚ್ಚರಿಕೆ ದೀಪಗಳು ಹೊತ್ತಿಕೊಂಡವು. ಇಲ್ಲಿ ಅದನ್ನು ಓದುವ ಯಂತ್ರವಿರಲಿಲ್ಲ. ಫ್ಲಾಟ್‌ಬೆಡ್ ಲಾರಿಯ ಮೇಲೆ ಸುಮಾರು 260 ಕಿಲೋಮೀಟರ್ ದೂರದ ಬೆಂಗಳೂರಿಗೆ ಕಳಿಸಿದೆ. ಅಲ್ಲಿಯ ಒಂದು ದೊಡ್ಡ ವರ್ಕ್‌ಶಾಪಿನವರು ಗೇರ್‌ಬಾಕ್ಸಿನ ನಿಯಂತ್ರಣ ಭಾಗವನ್ನೇ ಪೂರ್ತಿ ಬದಲಿಸಬೇಕು, ಸಾಮಾನು ಹೊರದೇಶದಿಂದ ಬರಬೇಕು ಎಂದರು. ಮನಸ್ಸೊಪ್ಪದೆ ಇನ್ನೊಬ್ಬ ಮೆಕ್ಯಾನಿಕ್‌ಗೆ ತೋರಿಸಿದಾಗ ಅವರು ಮೊದಲು ಬ್ಯಾಟರಿಗೆ ಮೀಟರ್ ಹಿಡಿದರು. ಪೂರ್ತಿ ತುಂಬಿದ ಬ್ಯಾಟರಿ 12.6 ವೋಲ್ಟ್ ತೋರಿಸಬೇಕಾದಲ್ಲಿ ಅದು 12ಕ್ಕೂ ಕೆಳಗಿತ್ತು. ಈ ಕಾರುಗಳಲ್ಲಿ ವಿದ್ಯುತ್ ಕುಗ್ಗಿದರೆ ಪ್ರತಿಯೊಂದು ಕಂಪ್ಯೂಟರೂ ತನ್ನದೇ ದೋಷವೆಂದು ದೂರು ಬರೆದುಕೊಳ್ಳುತ್ತದೆ. ಬ್ಯಾಟರಿ ಬದಲಿಸಿದ ಮೇಲೆ ದೀಪಗಳೆಲ್ಲ ಆರಿದವು. ಆದ್ದರಿಂದ ಕಾರಿನ ಜೊತೆಗೇ ಮೂರು ವಸ್ತು ಕೊಳ್ಳಿ: ನಿಲ್ಲಿಸಿದಾಗ ಬ್ಯಾಟರಿಗೆ ಹಚ್ಚಿಡುವ ಚಾರ್ಜರ್, ಒಂದು ಮಲ್ಟಿಮೀಟರ್, ದೋಷದ ಸಂಕೇತ ಓದುವ ಒಬಿಡಿ ಸ್ಕ್ಯಾನರ್. ನೂರಾರು ಕಿಲೋಮೀಟರ್ ದೂರದವರು ಹೇಳುವುದನ್ನು ತೂಗಿ ನೋಡಲು ನಿಮ್ಮ ಕೈಯಲ್ಲಿ ಏನಾದರೂ ಇರಬೇಕು.

ಟೈರುಗಳದ್ದು ಇನ್ನೊಂದು ಕಥೆ. ಮುಂದಿನವು ಒಂದು ಅಳತೆ, ಹಿಂದಿನವು ಇನ್ನೂ ಅಗಲ; ಹಾಗಾಗಿ ಮುಂದಿನದನ್ನು ಹಿಂದಕ್ಕೆ ಹಾಕಿ ಸವೆತ ಸರಿದೂಗಿಸಲು ಬರುವುದಿಲ್ಲ. ಸ್ಟೆಪ್ನಿಯೂ ಇರುವುದಿಲ್ಲ. ಕಡಿಮೆ ಓಡಿದ ಕಾರಿನ ಟೈರಿನ ಗೆರೆಗಳು ಚೆನ್ನಾಗಿ ಕಂಡರೂ ರಬ್ಬರ್ ಗಟ್ಟಿಯಾಗಿರುತ್ತದೆ. ಟೈರಿನ ಪಕ್ಕೆಯ ಮೇಲೆ ನಾಲ್ಕು ಅಂಕಿ ಹುಡುಕಿ: 2318 ಎಂದಿದ್ದರೆ ಅದು 2018ರ 23ನೆಯ ವಾರದಲ್ಲಿ ತಯಾರಾದದ್ದು. ಅಂಥ ಟೈರಿನ ಮೇಲೆ ಬೆಂಗಳೂರಿನಿಂದ ಓಡಿಸಿಕೊಂಡು ಬರಬೇಡಿ. ನಾಲ್ಕರ ಬೆಲೆಯನ್ನೂ ಚೌಕಾಸಿಯಲ್ಲಿ ಕಳೆಯಿರಿ.

ನೀವು ನೋಡುತ್ತಿರುವುದು ಯಾವ ಮಾದರಿ ಎಂದು ಹೇಳಿಲ್ಲ. ಪೋರ್ಷೆ ಬಾಕ್ಸ್‌ಸ್ಟರ್ ಆಗಿದ್ದರೆ ಒಂದು ವಿಷಯ ತಿಳಿದಿರಲಿ. 1996ರಲ್ಲಿ ಬಂದ ಮೊದಲ ಬಾಕ್ಸ್‌ಸ್ಟರ್‌ನಿಂದ 2008ರ ಮಾದರಿಗಳವರೆಗಿನ ಇಂಜಿನ್‌ಗಳಲ್ಲಿ ಐಎಂಎಸ್ ಎಂದು ಕರೆಯುವ ನಡು ಶಾಫ್ಟಿನ ಬೇರಿಂಗ್ ಸೋಲುವ ಸಂಭವವಿದ್ದು, ಸೋತರೆ ಇಂಜಿನ್ನೇ ಹೋಗುತ್ತದೆ. 2009ರ ಮಾದರಿಯಿಂದ ಬಂದ ಹೊಸ ಇಂಜಿನ್‌ನಲ್ಲಿ ಆ ಶಾಫ್ಟೇ ಇಲ್ಲ. ಹಳೆಯದಾದರೆ ಬೇರಿಂಗ್ ಬದಲಿಸಿದ ಬಿಲ್ ಕೇಳಿ, ಬಾಯಿಮಾತು ಒಪ್ಪಬೇಡಿ.

ಕಾಗದಪತ್ರದ ಮಾತು ಚಿಕ್ಕದು. ಕಾರು ಕರ್ನಾಟಕದ್ದೇ ಆದರೆ ಹೆಸರು ಬದಲಾವಣೆ ಸುಲಭ. ದೆಹಲಿ, ಮುಂಬೈ ನೋಂದಣಿಯದಾದರೆ ಎನ್‌ಒಸಿ ತಂದು ನಮ್ಮ ದಾವಣಗೆರೆಯ ಕೆಎ 17ಕ್ಕೆ ಬದಲಿಸುವಾಗ ಇಲ್ಲಿಯ ಜೀವಾವಧಿ ತೆರಿಗೆ ಕಟ್ಟಬೇಕಾಗುತ್ತದೆ. 20 ಲಕ್ಷಕ್ಕೂ ಮೀರಿದ ಬೆಲೆಯ ಹೊಸ ಕಾರಿಗೆ ಅದರ ಮೂಲ ದರವೇ ಶೇಕಡಾ 18. ಹಳೆಯದಕ್ಕೆ ವಯಸ್ಸಿನ ಪ್ರಕಾರ ಇಳಿಯುತ್ತದೆ. ಬೆಲೆ ಮಾತಾಡುವ ಮೊದಲೇ ಆರ್‌ಟಿಒ ಕಚೇರಿಯಲ್ಲಿ ಲೆಕ್ಕ ಹಾಕಿಸಿಕೊಳ್ಳಿ. ನೋಂದಣಿಗೆ 15 ವರ್ಷ ತುಂಬಿದೆಯೇ, ಇಲ್ಲವಾದರೆ ಎಷ್ಟು ತಿಂಗಳು ಉಳಿದಿದೆ ಎಂಬುದನ್ನೂ ನೋಡಿ.

ಉತ್ತರ, ಹರಿಹರದಿಂದ

ನಮ್ಮ ಮನೆಯಲ್ಲಿ ಇಂಥ ಕಾರು ಓಡಿಸುವವಳು ನಾನು. ಯಜಮಾನರು ಪಕ್ಕದಲ್ಲಿ ಕೂರುತ್ತಾರೆ. ಯಾರೂ ಹೇಳದ ಒಂದು ವಿಷಯವನ್ನು ಸೇರಿಸುತ್ತೇನೆ. ಈ ಕಾರಿಗೆ ಹತ್ತುವುದಿಲ್ಲ, ಇಳಿಯಬೇಕು. ಸೀರೆ ಉಟ್ಟವರು ಮೊದಲು ಬೆನ್ನು ಮಾಡಿ ಸೀಟಿನ ಅಂಚಿಗೆ ಕೂತು, ನೆರಿಗೆಯನ್ನು ಕೈಯಲ್ಲಿ ಹಿಡಿದು, ಎರಡೂ ಕಾಲನ್ನು ಒಟ್ಟಿಗೆ ಒಳಗೆ ತಂದುಕೊಳ್ಳಬೇಕು. ಮೊಣಕಾಲು ನೋವಿರುವ ನಮ್ಮತ್ತೆಯವರಿಗೆ ಹೊರಗೆ ಬರಲು ಇಬ್ಬರು ಕೈ ಕೊಡಬೇಕಾಯಿತು; ಆ ಮೇಲೆ ಅವರು ಕೂರಲಿಲ್ಲ, ನಾನೂ ಒತ್ತಾಯಿಸಲಿಲ್ಲ. ನಿಮ್ಮ ಮನೆಯವರನ್ನೂ ಬೆಂಗಳೂರಿಗೆ ಕರೆದುಕೊಂಡು ಹೋಗಿ ಕೂರಿಸಿ ನೋಡಿ. ಅವರಿಗೆ ಒಗ್ಗದಿದ್ದರೆ ಕಾರು ಷೆಡ್ಡಿನಲ್ಲಿಯೇ ಉಳಿಯುತ್ತದೆ. ಒಗ್ಗಿದರೆ, ಮಕ್ಕಳನ್ನು ಅಜ್ಜಿಯ ಬಳಿ ಬಿಟ್ಟು ಸೂಳೆಕೆರೆಯ ದಂಡೆಯವರೆಗೆ ಇಬ್ಬರೇ ಹೋಗಿ ಬರುವ ಸಂಜೆಗಳು ಸಿಗುತ್ತವೆ. ಮದುವೆಯಾಗಿ ಹದಿನೈದು ವರ್ಷದ ಮೇಲೆ ನಮಗೆ ಅವು ಮತ್ತೆ ಸಿಕ್ಕಿದ್ದು ಈ ಕಾರಿನಿಂದಲೇ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ಮುಂದಿನ ಭಾನುವಾರ ಕಾರು ನೋಡಲು ಹೋಗುತ್ತಿದ್ದೇವೆ, ಮನೆಯವರೂ ಬರುತ್ತಾರೆ. ಎಥನಾಲ್ ಬೆರೆತ ಪೆಟ್ರೋಲಿನ ವಿಚಾರವೊಂದು ಉಳಿದಿದೆ.

ಉತ್ತರ, ಚಿತ್ರದುರ್ಗದಿಂದ

ಆ ಕಾಲದ ಕಾರುಗಳನ್ನು ಸಾಮಾನ್ಯವಾಗಿ ಶೇಕಡಾ 10ರವರೆಗಿನ ಎಥನಾಲ್‌ಗೆ ರೂಪಿಸಿರುತ್ತಾರೆ. ಈಗ ಬಂಕ್‌ಗಳಲ್ಲಿ ಸಿಗುವುದು ಶೇಕಡಾ 20ರದು. ಎಥನಾಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ, ಹಳೆಯ ರಬ್ಬರಿಗೂ ಒಳ್ಳೆಯದಲ್ಲ. ನಾನು ಪೆಟ್ರೋಲ್ ಕೊಳವೆಗಳನ್ನೂ ಸೀಲುಗಳನ್ನೂ ಹೊಸದಾಗಿ ಹಾಕಿಸಿದ್ದೇನೆ, ಟ್ಯಾಂಕಿನಲ್ಲಿ ಒಂದೇ ಪೆಟ್ರೋಲನ್ನು ತಿಂಗಳುಗಟ್ಟಲೆ ನಿಲ್ಲಲು ಬಿಡುವುದಿಲ್ಲ. ಪೆಟ್ರೋಲ್ ಮುಚ್ಚಳದ ಒಳಗೆ 95 ಅಥವಾ 98 ಆಕ್ಟೇನ್ ಎಂದು ಬರೆದಿರುತ್ತದೆ, ಅದಕ್ಕಿಂತ ಕಡಿಮೆಯದು ಹಾಕಬೇಡಿ.

ಭಾನುವಾರ ನಾನೂ ಬರುತ್ತೇನೆ. ಹೆದ್ದಾರಿಯ ಬದಿಯಲ್ಲಿ ನಿಂತಿರುತ್ತೇನೆ, ಕರೆದುಕೊಂಡು ಹೋಗಿ. ಮಾರುವವರಿಗೆ ಹಿಂದಿನ ರಾತ್ರಿಯೇ ಫೋನ್ ಮಾಡಿ, ನಾವು ಬರುವವರೆಗೆ ಇಂಜಿನ್ ಚಾಲೂ ಮಾಡಬಾರದೆಂದು ಹೇಳಿ. ತಣ್ಣಗಿರುವ ಇಂಜಿನ್ ಮೊದಲ ಅರ್ಧ ನಿಮಿಷದಲ್ಲಿ ಮಾಡುವ ಸದ್ದನ್ನೂ ಬಿಡುವ ಹೊಗೆಯನ್ನೂ ಕಾದ ಇಂಜಿನ್ ಮುಚ್ಚಿಡುತ್ತದೆ. ಸೈಲೆನ್ಸರ್ ಪೈಪ್ ಮುಟ್ಟಿದಾಗ ಬೆಚ್ಚಗಿದ್ದರೆ ತಿಂಡಿ ತಿಂದು ವಾಪಸ್ ಬರೋಣ. ಟಾರ್ಚು, ಸ್ಕ್ಯಾನರ್, ಚಾಪೆ ಎತ್ತಲು ಸ್ಕ್ರೂಡ್ರೈವರ್ ನನ್ನ ಚೀಲದಲ್ಲಿರುತ್ತವೆ.