ಟ್ರಾಫಿಕ್‌ನಲ್ಲಿ ಗಾಡಿ ಕಾಯುತ್ತೆ, ಹೈವೇಲಿ ತಣ್ಣಗಿರುತ್ತೆ. ಫ್ಯಾನ್ ತಿರುಗ್ತಾ ಇದ್ರೂ ಯಾಕೆ?

ಬಟವಾಡಿ ಹುಡುಗ

ಎಲ್ಲರಿಗೂ ನಮಸ್ಕಾರ. ಎರಡು ತಿಂಗಳಿಂದ ಈ ಗಾಡಿ ಜೊತೆ ಒದ್ದಾಡ್ತಾ ಇದ್ದೀನಿ, ಗೊತ್ತಿರೋರು ಯಾರಾದ್ರೂ ಹೇಳಿ. 2013ರ ಪೆಟ್ರೋಲ್ ಹ್ಯಾಚ್‌ಬ್ಯಾಕ್, 94 ಸಾವಿರ ಕಿಲೋಮೀಟರ್ ಓಡಿದೆ. ತುಮಕೂರಿಂದ ಪೀಣ್ಯಕ್ಕೆ ವಾರಕ್ಕೆ ನಾಲ್ಕು ದಿನ ಹೋಗಿ ಬರ್ತೀನಿ. ಕ್ಯಾತ್ಸಂದ್ರ ದಾಟಿ ಹೈವೇ ಹತ್ತಿದ್ರೆ ನೆಲಮಂಗಲದ ತನಕ ಏನೂ ತಕರಾರಿಲ್ಲ. ಎಂಟನೇ ಮೈಲಿ ಹತ್ರ ಗಾಡಿಗಳು ತೆವಳೋಕೆ ಶುರುವಾದ್ರೆ ನನ್ನ ಎದೆ ಡವಡವ. ಸಂಜೆ ವಾಪಸ್ ಬಂದಾಗ ಬಿ.ಹೆಚ್. ರಸ್ತೇಲಿ, ಟೌನ್‌ಹಾಲ್ ಸರ್ಕಲ್ ಹತ್ರ ಹತ್ತು ನಿಮಿಷ ಸಿಕ್ಕಿಹಾಕ್ಕೊಂಡ್ರೂ ಅದೇ ಕಥೆ, ಕೆಂಪು ದೀಪ. ನನ್ನ ಗಾಡೀಲಿ ಟೆಂಪರೇಚರ್ ಸೂಜಿ ಇಲ್ಲ. ತಣ್ಣಗಿದ್ರೆ ನೀಲಿ ದೀಪ, ಕಾದ್ರೆ ಕೆಂಪು ದೀಪ, ನಡುವೆ ಏನಾಗ್ತಿದೆ ಅಂತ ದೇವರಿಗೇ ಗೊತ್ತು.

ಇಲ್ಲೀವರೆಗೆ ಕೂಲೆಂಟ್ ಬದಲಾಯಿಸಾಯ್ತು, ಥರ್ಮೋಸ್ಟಾಟ್ (ಇಂಜಿನ್ ಬಿಸಿಯಾದ್ಮೇಲೆ ಕೂಲೆಂಟನ್ನ ರೇಡಿಯೇಟರ್ ಕಡೆ ಬಿಡೋ ವಾಲ್ವ್) ಹೊಸದು, ರೇಡಿಯೇಟರ್ ಕ್ಯಾಪ್ ಹೊಸದು. ಫ್ಯಾನ್ ಕೆಟ್ಟಿದೆ ಅಂತ ಮಾತ್ರ ಹೇಳ್ಬೇಡಿ. ಬಾನೆಟ್ ಎತ್ತಿ ಕಣ್ಣಾರೆ ನೋಡಿದ್ದೀನಿ, ಗಿರ್ರಂತ ತಿರುಗುತ್ತೆ. ಇನ್ನೊಂದು ವಿಷಯ, ಇದಕ್ಕೆ ಸಂಬಂಧ ಇದ್ಯೋ ಇಲ್ವೋ: ಸಿಗ್ನಲ್‌ನಲ್ಲಿ ನಿಂತಾಗ ಎ.ಸಿ. ಉಗುರುಬೆಚ್ಚಗೆ ಊದುತ್ತೆ, ಗಾಡಿ ಓಡಿದ್ರೆ ಮತ್ತೆ ತಣ್ಣಗೆ. ಗ್ಯಾಸ್ ಕಮ್ಮಿ ಇರ್ಬೇಕು ಅಂದ್ರು. ಈಗ ಮೆಕ್ಯಾನಿಕ್ "ಹೆಡ್ ಗ್ಯಾಸ್ಕೆಟ್ ಹೋಗಿದೆ, ಹೆಡ್ ಇಳಿಸೋಣ" ಅಂತಿದ್ದಾರೆ, ಅಂದ್ರೆ ಇಂಜಿನ್ ಮೇಲ್ಭಾಗ ಬಿಚ್ಚಿ ಅದರ ಕೆಳಗಿನ ಸೀಲ್ ಬದಲಾಯಿಸೋದು. ಇಳಿಸ್ಲಾ?

ಡೀಸೆಲ್ ದೊರೆ

ಗುರು, ಥರ್ಮೋಸ್ಟಾಟ್ ಕಿತ್ತು ಬಿಸಾಕು. ನಮ್ಮ ಬಿಸಿಲಿಗೆ ಅದ್ಯಾಕೆ? ಫ್ಯಾನ್‌ಗೆ ಡ್ಯಾಶ್‌ಬೋರ್ಡಿಂದ ಡೈರೆಕ್ಟ್ ಸ್ವಿಚ್ ಕೊಡ್ಸು. ನನ್ನ ಹಳೇ ಗಾಡಿ ಹಂಗೇ ಆರು ವರ್ಷ ಓಡ್ತು.

ಕೋಲಾರದ ಬೋರ್‌ವೆಲ್

ರೇಡಿಯೇಟರ್ ಒಳಗೆ ಏನು ನೀರು ಹುಯ್ದಿದ್ರಿ ಅಂತ ಮೊದಲು ನೋಡ್ಕೊಳ್ಳಿ ಸಾರ್. ನಮ್ಮ ಕಡೆ ಸಾವಿರ ಅಡಿ ದಾಟಿದ ಬೋರ್ ನೀರು, ಸ್ನಾನದ ಹಂಡೆ ತಳದಲ್ಲಿ ಬಿಳೀ ಸುಣ್ಣದ ಪದರ ಹೆರೆದು ತೆಗೀಬೇಕು. ನಮ್ಮಪ್ಪ ಅದೇ ನೀರನ್ನ ವ್ಯಾನಿಗೂ ವರ್ಷಗಟ್ಟಲೆ ಹುಯ್ದಿದ್ರು. ರೇಡಿಯೇಟರ್ ಬಿಚ್ಚಿದಾಗ ಒಳಗಿನ ಸಣ್ಣ ಕೊಳವೆಗಳಲ್ಲಿ ಅರ್ಧಕ್ಕರ್ಧ ಕಟ್ಟಿಹೋಗಿದ್ವು, ಕಡ್ಡಿ ತೂರಿಸಿದ್ರೆ ತೂರ್ತಿರ್ಲಿಲ್ಲ. ಕೂಲೆಂಟ್ ಜೊತೆ ಬೆರೆಸೋಕೆ ಡಿಸ್ಟಿಲ್ಡ್ ವಾಟರ್ ತಗೊಳ್ಳಿ, ಬ್ಯಾಟರಿ ಅಂಗಡೀಲಿ ಸಿಗುತ್ತೆ. ಹತ್ತಾರು ರೂಪಾಯಿ ಉಳಿಸೋಕೆ ಹೋಗಿ ನಾವು ರೇಡಿಯೇಟರನ್ನೇ ಬದಲಾಯಿಸಬೇಕಾಯ್ತು.

ಹಳೇ ಸ್ಪ್ಯಾನರ್

ಹೆಡ್ ಇಳಿಸ್ಬೇಡ ತಮ್ಮ, ಸ್ವಲ್ಪ ತಾಳು.

ಬೋರ್‌ವೆಲ್ ಹೇಳಿದ್ದು ಸರಿ, ಆದರೆ ಅದು ನಿನ್ನ ಗಾಡಿಯ ರೋಗ ಅಲ್ಲ ಅನ್ಸುತ್ತೆ. ರೇಡಿಯೇಟರ್ ಕಟ್ಟಿಕೊಂಡಿದ್ರೆ, ವಾಟರ್ ಪಂಪ್ ಸೋತಿದ್ರೆ, ಇಂಜಿನ್‌ಗೆ ಜಾಸ್ತಿ ಕೆಲಸ ಬಿದ್ದಾಗ ಗಾಡಿ ಕಾಯ್ಬೇಕು. ಅಂದ್ರೆ ಹೈವೇ ವೇಗದಲ್ಲಿ, ದೇವರಾಯನದುರ್ಗದ ಏರು ಹತ್ತುವಾಗ. ನಿನಗೆ ಅಲ್ಲಿ ತೊಂದರೆ ಇಲ್ಲ. ಓಡುವಾಗ ಎದುರುಗಾಳಿ ತಾನಾಗೇ ಜಾಲರಿಯೊಳಗೆ ನುಗ್ಗುತ್ತೆ. ನಿಂತಾಗ ಆ ಕೆಲಸ ಫ್ಯಾನ್‌ದು ಮಾತ್ರ. ಹಾಗಾಗಿ ನಿಂತಾಗ ಕಾದು ಓಡುವಾಗ ತಣ್ಣಗಾಗೋ ಗಾಡೀಲಿ ನೀರಿನ ಬಗ್ಗೆ ಅನುಮಾನ ಪಡೋಕೆ ಮುಂಚೆ ಗಾಳಿ ಬಗ್ಗೆ ಪಡಬೇಕು. ಎ.ಸಿ. ವಿಷಯ ನೀನು ಕೊನೇಲಿ ಹೇಳಿದೆ, ನನಗೆ ಅದೇ ಮುಖ್ಯ. ಎ.ಸಿ.ಯ ಬಿಸಿ ಹೊರಹಾಕೋ ಕಂಡೆನ್ಸರ್ ಕೂತಿರೋದು ರೇಡಿಯೇಟರ್ ಮುಂದೆ, ಅದೇ ಗಾಳಿಯ ದಾರೀಲಿ. ನಿಂತಾಗ ಎರಡೂ ಸೋಲ್ತಿವೆ ಅಂದ್ರೆ ಎರಡಕ್ಕೂ ಗಾಳಿ ಸಾಲ್ತಿಲ್ಲ.

ಹೆಡ್ ಗ್ಯಾಸ್ಕೆಟ್ ಹೋಗಿದ್ದರ ಗುರುತು ಬೇರೆ. ಬೆಳಿಗ್ಗೆ ಇಂಜಿನ್ ಪೂರ್ತಿ ತಣ್ಣಗಿದ್ದಾಗ ಕ್ಯಾಪ್ ತೆಗೆದು ಸ್ಟಾರ್ಟ್ ಮಾಡು, ಗುಳುಗುಳು ಗುಳ್ಳೆ ನಿಲ್ಲದೆ ಬರುತ್ತಾ ನೋಡು. ಆಯಿಲ್ ಕ್ಯಾಪ್ ಕೆಳಗೆ ಹಾಲು ಬೆರೆಸಿದ ಕಾಫಿ ಬಣ್ಣದ ಜಿಡ್ಡು ಇದ್ಯಾ? ಎಲ್ಲೂ ಸೋರದೆ ಕೂಲೆಂಟ್ ಕಮ್ಮಿ ಆಗ್ತಿದ್ಯಾ? ಯಾವುದೂ ಇಲ್ಲಾಂದ್ರೆ ಹೆಡ್‌ಗೆ ಕೈ ಹಚ್ಚೋಕೆ ಬಿಡ್ಬೇಡ.

ದೊರೆ, ಬೇಜಾರು ಮಾಡ್ಕೋಬೇಡಿ. ಥರ್ಮೋಸ್ಟಾಟ್ ಕಿತ್ತರೆ ಹೈವೇಲಿ ಇಂಜಿನ್ ಬಿಸಿಯೇ ಏರಲ್ಲ. ಗಾಡಿಯ ಕಂಪ್ಯೂಟರ್ ಇಂಜಿನ್ ಇನ್ನೂ ತಣ್ಣಗಿದೆ ಅಂತ ಪೆಟ್ರೋಲ್ ಜಾಸ್ತಿ ಸುರೀತಾನೇ ಇರುತ್ತೆ, ಮೈಲೇಜ್ ಹೋಗುತ್ತೆ. ಅದು ಸರಿಯಾಗಿದ್ದು 80-90 ಡಿಗ್ರಿಯೊಳಗೆ ಬಾಯಿ ಬಿಟ್ಟರೆ ಟ್ರಾಫಿಕ್‌ನಲ್ಲಿ ಅದರಿಂದ ಏನೂ ಅಡ್ಡಿ ಇಲ್ಲ. ಡೈರೆಕ್ಟ್ ಸ್ವಿಚ್ ಆದ್ರೆ ಹಾಕೋದನ್ನ ಮರೆತ ದಿನ ಇಂಜಿನ್ ಹೋಯ್ತು.

ಈಗ ನೀನು ಮಾಡ್ಬೇಕಾದ್ದು: ಯಾರ ಹತ್ರನಾದ್ರೂ ಓಬಿಡಿ ಡಾಂಗಲ್ (ಗಾಡಿಯ ಕಂಪ್ಯೂಟರ್ ಓದೋ ಸಣ್ಣ ಸಾಧನ) ಇಸ್ಕೊಂಡು ಮೊಬೈಲ್‌ಗೆ ಜೋಡಿಸು, ಕೂಲೆಂಟ್ ಎಷ್ಟು ಡಿಗ್ರಿ ಅಂತ ಅದೇ ಹೇಳುತ್ತೆ. ಮಲ್ಟಿಮೀಟರ್ ಇದ್ರೆ ಫ್ಯಾನ್ ತಿರುಗುವಾಗ ಮೋಟಾರಿನ ಎರಡು ವೈರ್ ಮೇಲೆ ವೋಲ್ಟ್ ನೋಡು. ಕೆಂಪು ಕಡ್ಡಿ ಕೆಂಪು ವೈರ್‌ಗೆ, ಕಪ್ಪು ಕಪ್ಪಿಗೆ. ಇಂಜಿನ್ ಚಾಲೂ ಇದ್ದಾಗ 13ರ ಮೇಲಿರಬೇಕು. ಹತ್ತೋ ಹನ್ನೊಂದೋ ಬಂದ್ರೆ ತುಕ್ಕು ಹಿಡಿದ ಅರ್ತೋ ಸುಟ್ಟ ಕಪ್ಲರೋ (ವೈರ್ ಜೋಡಿಸೋ ಪ್ಲಗ್) ಕರೆಂಟ್ ನುಂಗ್ತಿದೆ, ಫ್ಯಾನ್ ತಿರುಗಿದ್ರೂ ಜೀವ ಇರಲ್ಲ. ಕಾರ್ಬನ್ ಸವೆದ ಮೋಟಾರೂ ಹಂಗೇ ಸೋಮಾರಿಯಾಗಿ ತಿರುಗುತ್ತೆ.

ಹುಷಾರು. ಆ ಫ್ಯಾನ್ ಯಾವ ಕ್ಷಣದಲ್ಲಾದ್ರೂ ತಿರುಗೋಕೆ ಶುರುವಾಗಬಹುದು, ಕೆಲವು ಗಾಡೀಲಿ ಕೀ ತೆಗೆದ ಮೇಲೂ. ಬೆರಳು, ಶರ್ಟಿನ ತೋಳು ದೂರ. ಬಿಸಿ ಇದ್ದಾಗ ಕ್ಯಾಪ್ ಮುಟ್ಟಲೇಬೇಡ. ತುಮಕೂರು ಸಮುದ್ರ ಮಟ್ಟಕ್ಕಿಂತ ಸುಮಾರು 800 ಮೀಟರ್ ಮೇಲಿದೆ, ಇಲ್ಲಿ ಪಾತ್ರೆಯಲ್ಲಿಟ್ಟ ನೀರು 97 ಡಿಗ್ರಿ ಆಸುಪಾಸಿಗೇ ಕುದಿಯುತ್ತೆ. 0.9 ಬಾರ್‌ನ ಕ್ಯಾಪ್ ಒತ್ತಿ ಹಿಡಿದಿರೋದ್ರಿಂದ ರೇಡಿಯೇಟರ್ ಒಳಗೆ ಅದೇ ನೀರು ಸುಮಾರು 117ರವರೆಗೆ ಕುದಿಯದೆ ತಡ್ಕೊಂಡಿರುತ್ತೆ. ಕ್ಯಾಪ್ ಬಿಚ್ಚಿದ ತಕ್ಷಣ ಅಷ್ಟೂ ಮುಖಕ್ಕೆ ಎರಚುತ್ತೆ.

ಬಟವಾಡಿ ಹುಡುಗ

ಸಾರ್, ತುಂಬಾ ಥ್ಯಾಂಕ್ಸ್. ಆಫೀಸ್ ಗೆಳೆಯನ ಡಾಂಗಲ್ ಸಿಕ್ತು. ಹೈವೇಲಿ 86ರಿಂದ 89. ಟೌನ್‌ಹಾಲ್ ಹತ್ರ ನಿಂತ ಮೇಲೆ 96ಕ್ಕೆ ಫ್ಯಾನ್ ಶುರುವಾಯ್ತು, ಸದ್ದು ಕೇಳಿಸ್ತು. ಇಳೀಬೇಕಲ್ವಾ? ಇಳೀಲಿಲ್ಲ. 99, 102, 105. ಎ.ಸಿ. ಆಫ್ ಮಾಡಿದ್ರೆ ಏರೋದು ನಿಧಾನ ಆಯ್ತು ಅಷ್ಟೇ. ಗಾಡಿ ಬಿಟ್ಟುಕೊಂಡು ಶಿರಾ ಗೇಟ್ ಕಡೆ ನಲವತ್ತರಲ್ಲಿ ಹೊರಟೆ ನೋಡಿ, ಎರಡೇ ನಿಮಿಷಕ್ಕೆ 92.

ಬೆಳಿಗ್ಗೆ ಕ್ಯಾಪ್ ತೆಗೆದು ನೋಡಿದೆ, ಗುಳ್ಳೆ ಇಲ್ಲ. ಆಯಿಲ್ ಕ್ಯಾಪ್ ಕ್ಲೀನ್. ಕೂಲೆಂಟ್ ಡಬ್ಬಿ ಮೇಲೆ ಸ್ಕೆಚ್ ಪೆನ್ನಲ್ಲಿ ಗೆರೆ ಹಾಕಿದ್ದೆ, ಐದು ದಿನಕ್ಕೆ ಒಂದು ಚೂರೂ ಇಳಿದಿಲ್ಲ.

ವೋಲ್ಟ್ ನೋಡೋಕೆ ಹೋದ್ರೆ ಕಪ್ಲರೇ ಇಲ್ಲ ಸಾರ್. ಕಪ್ಪು ಟೇಪ್ ಸುತ್ತಿದ ಎರಡು ಗಂಟು ಇವೆ, ಒಂದರ ಟೇಪ್ ಬಿಸಿಗೆ ಅಂಟಂಟಾಗಿ ಜಾರ್ತಿದೆ. ಟೇಪ್ ಸರಿಸಿ ನೀವು ಹೇಳಿದ ಹಾಗೇ ಕಡ್ಡಿ ಇಟ್ಟೆ, ಮೋಟಾರ್ ಕಡೆಯ ಕೆಂಪು ವೈರ್‌ಗೆ ಕೆಂಪು. ಮೈನಸ್ 13.4 ಅಂತ ತೋರಿಸ್ತು. ಮೀಟರ್ ಅಗ್ಗದ್ದು, ಇನ್ನೂರು ರೂಪಾಯಿದು, ಅದಕ್ಕೇ ಹಂಗೆ ಅನ್ಸುತ್ತೆ. ಒಟ್ನಲ್ಲಿ 13ರ ಮೇಲಿದೆ, ಸರಿ ಅಲ್ವಾ?

ಕೋಲಾರದ ಬೋರ್‌ವೆಲ್

ಮೈನಸ್ಸಾ??

ಹಳೇ ಸ್ಪ್ಯಾನರ್

ನಿನ್ನ ಇನ್ನೂರು ರೂಪಾಯಿ ಮೀಟರ್ ನಿಜಾನೇ ಹೇಳ್ತಿದೆ, ನೀನೇ ಅದನ್ನ ನಂಬ್ತಿಲ್ಲ.

ಒಂದು ಪ್ರಶ್ನೆ, ಮೊದಲೇ ಕೇಳ್ಬೇಕಿತ್ತು, ನನ್ನದೂ ತಪ್ಪು. ತೊಂದರೆ ಎರಡು ತಿಂಗಳಿಂದ ಅಂದೆ. ಎರಡು ತಿಂಗಳ ಹಿಂದೆ ಗಾಡಿಗೆ ಏನು ಕೆಲಸ ಮಾಡ್ಸಿದ್ದೆ?

ಅದನ್ನ ಬರೆಯೋಕೆ ಮುಂಚೆ ಇನ್ನೊಂದು ಸಣ್ಣ ಕೆಲಸ ಮಾಡು. ಗಾಡಿ ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್‌ಬ್ರೇಕ್ ಎಳೆದಿರು. ಇಂಜಿನ್ ಚಾಲೂ ಮಾಡಿ ಎ.ಸಿ. ಹಾಕಿ ಫ್ಯಾನ್ ತಿರುಗಿಸು. ಒಂದು ತೆಳು ಕಾಗದ ತಗೊಂಡು ಗಾಡಿ ಮುಂದೆ ನಿಂತು ಜಾಲರಿ ಹತ್ರ ಹಿಡಿ. ಏನಾಗುತ್ತೆ ಅಂತ ಬರಿ.

ಬಟವಾಡಿ ಹುಡುಗ

ಸಾರ್, ಹಾರಿಹೋಯ್ತು!

ಹೋಟೆಲ್ ಬಿಲ್ಲು ಜೇಬಲ್ಲಿತ್ತು, ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿಂದಿದ್ದು. ಜಾಲರಿ ಹತ್ರ ಹಿಡಿದ್ರೆ ತುದಿ ನನ್ನ ಕಡೆಗೇ ಬಾಗಿ ಪಟಪಟ ಬಡೀತು. ಕೈ ಬಿಟ್ಟೆ, ಗೇಟ್ ಹತ್ರ ಹೋಗಿ ಬಿತ್ತು. ಮುಖಕ್ಕೆ ಬಿಸಿಗಾಳಿ ಬೇರೆ. ಅನುಮಾನ ಬಂದು ಪಕ್ಕದ ಮನೆ ಅಂಕಲ್ ಗಾಡೀಗೂ ಹಿಡಿದೆ, ಅಲ್ಲಿ ಕಾಗದ ಹೋಗಿ ಜಾಲರಿಗೆ ಅಂಟಿಕೊಂಡು ನಿಂತ್ಕೊಂಡ್ಬಿಡ್ತು.

ಎರಡು ತಿಂಗಳ ಹಿಂದೆ ಫ್ಯಾನ್ ಮೋಟಾರೇ ಸುಟ್ಟಿತ್ತು. ಊರಿಗೆ ಹೋಗೋ ದಾರೀಲಿ ಆಗಿದ್ದು, ಅಲ್ಲೇ ಒಂದು ಕಡೆ ಬೇರೆ ಮೋಟಾರ್ ಹಾಕಿಸಿದೆ. ಕಪ್ಲರ್ ಕೂರಲ್ಲ ಅಂತ ವೈರ್ ಕತ್ತರಿಸಿ ಕಟ್ಟಿಕೊಟ್ರು. ಫ್ಯಾನ್ ರಿಪೇರಿ ಆಗಿದೆ ಅನ್ನೋ ನೆಮ್ಮದೀಲಿ ಅದನ್ನ ಬರೆಯೋದೇ ಬಿಟ್ಟಿದ್ದೆ.

ಹಳೇ ಸ್ಪ್ಯಾನರ್

ಅಲ್ಲಿಗೆ ಸಿಕ್ತು. ಈ ಮೋಟಾರ್ ಡಿ.ಸಿ., ಪ್ಲಸ್ಸು-ಮೈನಸ್ಸು ಅದಲು ಬದಲಾದ್ರೆ ಅಷ್ಟೇ ಜೋರಾಗಿ ಉಲ್ಟಾ ತಿರುಗುತ್ತೆ, ಸದ್ದೂ ಹೆಚ್ಚುಕಮ್ಮಿ ಅದೇ. ಮುಂದಿಂದ ಗಾಳಿ ಎಳೀಬೇಕಾದ ಫ್ಯಾನ್, ಇಂಜಿನ್ ಮೇಲಿನ ಬಿಸಿಗಾಳೀನ ರೇಡಿಯೇಟರ್ ಮೂಲಕ ಮುಂದಕ್ಕೆ ತಳ್ತಿದೆ. ಎಲೆಗಳ ಬಾಗು ಆ ಕಡೆಗೆ ಮಾಡಿದ್ದಲ್ಲ, ಹಾಗಾಗಿ ತಳ್ಳೋ ಗಾಳೀನೂ ಕಮ್ಮಿ. ನಲವತ್ತರ ವೇಗದಲ್ಲಿ ಎದುರುಗಾಳಿ ಅದನ್ನ ಸೋಲಿಸುತ್ತೆ, ಅದಕ್ಕೇ ಶಿರಾ ಗೇಟ್ ಕಡೆ 92ಕ್ಕೆ ಇಳಿದಿದ್ದು.

ವೈರ್ ಅದಲು ಬದಲು ಮಾಡು. ಬ್ಯಾಟರಿಯ ಮೈನಸ್ ತೆಗೆದಿಟ್ಟು ಮಾಡು. ಹಾಗೇ ಆ ಟೇಪ್ ಗಂಟು ಬೇಡ. ಟೇಪ್ ಅಂಟಂಟಾಗಿದೆ ಅಂದ್ರೆ ಆ ಜಾಯಿಂಟ್ ಆಗ್ಲೇ ಕಾಯ್ತಿದೆ. ಸಣ್ಣ ಗಾಡಿ ಫ್ಯಾನೂ ಹತ್ತು ಆಂಪಿಯರ್ ಹತ್ರ ಎಳೆಯುತ್ತೆ, ತಿರುಚಿ ಕಟ್ಟಿದ ವೈರ್ ಅದನ್ನ ತಡೆಯಲ್ಲ. ದಪ್ಪ ವೈರಿನ ಹೊಸ ಕಪ್ಲರ್ ಹಾಕಿಸಿ ಕ್ರಿಂಪ್ ಮಾಡ್ಸು. ಫ್ಯೂಸ್ ಎಷ್ಟರದು ಹಾಕಿದ್ದಾರೆ ಅಂತಾನೂ ನೋಡು. ಬಾಕ್ಸಿನ ಮುಚ್ಚಳದ ಮೇಲೆ ಬರೆದಿದ್ದಕ್ಕಿಂತ ದೊಡ್ಡದಿದ್ರೆ ತೆಗೆಸು.

ಡೀಸೆಲ್ ದೊರೆ

ಸ್ಪ್ಯಾನರ್ ಅಣ್ಣ, ಒಪ್ಪಿದೆ. ನಮ್ಮ ಮನೆ ಗಾಡಿಗೂ ಈಗ್ಲೇ ಕಾಗದ ಹಿಡಿದು ಬಂದೆ. ಅಂಟ್ಕೊಂಡಿತು, ಆದ್ರೆ ಒಂದೇ ಕಡೆ. ಎರಡು ಫ್ಯಾನ್ ಇವೆ, ಎಡಗಡೇದು ತಿರುಗ್ತಾನೇ ಇಲ್ಲ.

ಹಳೇ ಸ್ಪ್ಯಾನರ್

ಮೊದಲು ಆ ಫ್ಯಾನಿನ ಫ್ಯೂಸ್ ನೋಡಿ. ಸರಿಯಿದ್ರೆ ಅದರ ರಿಲೇ (ಕರೆಂಟಿಂದ ಆನ್-ಆಫ್ ಆಗೋ ಸ್ವಿಚ್) ಕಿತ್ತು ಹಾರ್ನ್ ರಿಲೇ ಜೊತೆ ಅದಲು ಬದಲು ಮಾಡಿ, ಎರಡೂ ಒಂದೇ ನಂಬರಿಂದು ಆಗಿದ್ರೆ ಮಾತ್ರ. ಫ್ಯಾನ್ ತಿರುಗಿ ಹಾರ್ನ್ ಸತ್ತರೆ ರಿಲೇ ಹೋಗಿದೆ. ಆಗ್ಲೂ ತಿರುಗದಿದ್ರೆ ಬ್ಯಾಟರಿಯಿಂದ ಮೋಟಾರ್‌ಗೆ ನೇರ ವೈರ್ ಕೊಟ್ಟು ನೋಡಿ. ಕೆಂಪು ಕೆಂಪಿಗೆ ದೊರೆ!

ಬಟವಾಡಿ ಹುಡುಗ

ಶನಿವಾರ ಕಪ್ಲರ್ ಹಾಕಿಸಿದೆ, 350 ರೂಪಾಯಿ. ಫ್ಯೂಸ್ ಸರಿಯಾದ್ದೇ ಇತ್ತು. ಇವತ್ತು ಸಂಜೆ ಬೇಕಂತಲೇ ಬಿ.ಹೆಚ್. ರಸ್ತೇಲಿ ಬಂದೆ, ಮಳೆ ಬಂದು ಟೌನ್‌ಹಾಲ್ ಹತ್ರ ಇಪ್ಪತ್ತು ನಿಮಿಷ ನಿಂತಿದ್ದೆ, ಎ.ಸಿ. ಹಾಕ್ಕೊಂಡೇ. 96ಕ್ಕೆ ಫ್ಯಾನ್ ಜೋರಾಯ್ತು, 91ಕ್ಕೆ ಇಳೀತು. ಮತ್ತೆ 96, ಮತ್ತೆ 91. ಹಿಂದೆ ಹಾರ್ನ್ ಹೊಡೀತಿದ್ರು, ನಾನು ಮೊಬೈಲ್ ನೋಡ್ತಾ ಕೂತಿದ್ದೆ.

ಮಳೆ ದಿನದ ಲೆಕ್ಕ ಒಪ್ಪಲ್ಲ ಅಂದ್ರೆ ಬಿಸಿಲಲ್ಲಿ ಇನ್ನೊಂದ್ಸಲ ನಿಂತು ಬರೀತೀನಿ ಸಾರ್. ಎ.ಸಿ. ಗ್ಯಾಸ್ ತುಂಬಿಸೋಕೆ ಅಂತ ತೆಗೆದಿಟ್ಟಿದ್ದ ದುಡ್ಡು ಹಾಗೇ ಇದೆ, ಅದರಲ್ಲಿ ಒಂದು ಡಾಂಗಲ್ ತಗೊಳ್ಳೋಣ ಅಂತಿದ್ದೀನಿ. ಗೆಳೆಯ ಅವನದ್ದು ವಾಪಸ್ ಕೇಳ್ತಿದ್ದಾನೆ.