16ರ ಮಗಳ ಹಚ್ಚೆಗೆ ನಾನು ಸಹಿ ಹಾಕಿದರೆ ಸಾಕೇ?

ಡೈರಿಯ ಅಮ್ಮ (ಪ್ರಶ್ನೆ):

ಮಗಳಿಗೆ 16 ತುಂಬಿ ಎರಡು ತಿಂಗಳಾಯಿತು. ನನ್ನ ಅತ್ತೆ ತೀರಿಕೊಂಡು ಒಂದು ವರ್ಷ. ಅವರು ಮಗಳ ಶಾಲೆಯ ಡೈರಿಯ ಕೊನೆಯ ಪುಟದಲ್ಲಿ ಪೆನ್ಸಿಲ್‌ನಿಂದ "ಬೇಗ ಬಾ – ಅಜ್ಜಿ" ಎಂದು ಬರೆದಿಟ್ಟಿದ್ದರು. ಆ ಸಾಲನ್ನು ಅದೇ ಕೈಬರಹದಲ್ಲಿ ಮಣಿಕಟ್ಟಿನ ಒಳಬದಿಗೆ ಹಚ್ಚೆ ಹಾಕಿಸಿಕೊಳ್ಳಬೇಕೆಂದು ಅವಳ ಹಟ. ಹಟವೆಂದರೆ ಕೂಗಾಟವಲ್ಲ. ದಿನಕ್ಕೊಮ್ಮೆ ಡೈರಿಯನ್ನು ತಂದು ನನ್ನ ಮುಂದೆ ತೆರೆದಿಟ್ಟು, ಏನೂ ಹೇಳದೆ ಹೋಗುತ್ತಾಳೆ. ಕೂಗಾಡಿದ್ದರೆ ನಿಭಾಯಿಸುವುದು ಸುಲಭವಿತ್ತು.

ಯಜಮಾನರು "ಅಮ್ಮನ ಅಕ್ಷರ, ಬೇಡವೆನ್ನಲು ನನಗೆ ಬಾಯಿ ಬರುವುದಿಲ್ಲ, ನೀನೇ ನೋಡಿಕೋ" ಎಂದು ಜಾರಿಕೊಂಡಿದ್ದಾರೆ. ವಿಚಾರಿಸಿದ ಕಡೆ ಒಬ್ಬರು 18 ತುಂಬದವರನ್ನು ಮುಟ್ಟುವುದೇ ಇಲ್ಲ ಎಂದರು. ಇನ್ನೊಬ್ಬರು "ನೀವು ಬಂದು ಒಂದು ಸಹಿ ಹಾಕಿ, ನಾಳೆಯೇ ಮುಗಿಸೋಣ" ಎಂದರು. ಮಗಳ ವಯಸ್ಸಿಗೆ ದಾಖಲೆಯನ್ನೂ ಕೇಳಲಿಲ್ಲ. ಫ್ಲಾರಿಡಾದಲ್ಲಿರುವ ನಾದಿನಿ, ಅಲ್ಲಿ ತಂದೆತಾಯಿ ಒಪ್ಪಿದರೆ 16ಕ್ಕೇ ಹಾಕುತ್ತಾರೆ ಎನ್ನುತ್ತಾಳೆ. ಹಾಗಾದರೆ ನನ್ನ ಸಹಿಗೆ ನಿಜವಾಗಿ ಎಷ್ಟು ಬೆಲೆ? ಬಲ್ಲವರು ಹೇಳಿ.

ಕರಿಕೋಟು:

ನೀವಿರುವ ನೆಲದ ಕಾನೂನು ಎಷ್ಟು ಬೆಲೆ ಕೊಡುತ್ತದೆಯೋ ಅಷ್ಟೇ. ಬ್ರಿಟನ್ನಿನ 1969ರ ಕಾಯ್ದೆಯ ಪ್ರಕಾರ 18 ತುಂಬದವರಿಗೆ ಹಚ್ಚೆ ಹಾಕುವುದೇ ಅಪರಾಧ, ವೈದ್ಯಕೀಯ ಕಾರಣಕ್ಕೆ ವೈದ್ಯರ ಮೂಲಕ ಆದರೆ ಮಾತ್ರ ವಿನಾಯಿತಿ. ತಾಯಿ ಪಕ್ಕದಲ್ಲೇ ಕುಳಿತು ಮಗಳ ಕೈ ಹಿಡಿದುಕೊಂಡಿದ್ದರೂ ಅಪರಾಧ ಅಪರಾಧವೇ. ನ್ಯೂಯಾರ್ಕ್, ಕ್ಯಾಲಿಫೋರ್ನಿಯಾ ರಾಜ್ಯಗಳಲ್ಲೂ ಪೋಷಕರ ಒಪ್ಪಿಗೆಯಿಂದ ಏನೂ ಬದಲಾಗುವುದಿಲ್ಲ. ಫ್ರಾನ್ಸಿನಲ್ಲಿ ಬದಲಾಗುತ್ತದೆ: ತಂದೆ ಅಥವಾ ತಾಯಿಯ ಲಿಖಿತ ಒಪ್ಪಿಗೆ ಬೇಕು, ಅದರ ದಾಖಲೆಯನ್ನು ಹಚ್ಚೆ ಹಾಕಿದವರು 3 ವರ್ಷ ಕಾಪಾಡಬೇಕು. ಜರ್ಮನಿಯಲ್ಲಿ ಇದು ದೇಹಕ್ಕೆ ಗಾಯ ಮಾಡುವ ಅಪರಾಧದ ಲೆಕ್ಕಕ್ಕೆ ಬರುತ್ತದೆ. ಸರಿಯಾದ ಒಪ್ಪಿಗೆಯೊಂದೇ ಅದಕ್ಕೆ ರಕ್ಷೆ. ಡೆನ್ಮಾರ್ಕಿನದು ಇನ್ನೂ ವಿಚಿತ್ರ. 1966ರಿಂದ ಅಲ್ಲಿ 18ರ ಮಿತಿ ಇದೆ, ಜೊತೆಗೆ ತಲೆ, ಕತ್ತು, ಕೈಗಳ ಮೇಲೆ ವಯಸ್ಕರಿಗೂ ನಿಷೇಧ. ಮಣಿಕಟ್ಟು ಕೈಗೆ ಸೇರಿತೋ ತೋಳಿಗೆ ಸೇರಿತೋ ಎಂದು ವಾದಿಸುವ ಅವಕಾಶ ಸಿಕ್ಕಿದರೆ ನಾನು ಬಿಡುವವನಲ್ಲ.

ನಿಮ್ಮ ನಾದಿನಿ ಹೇಳಿದ್ದು ಅರ್ಧ ಸರಿ. ಫ್ಲಾರಿಡಾದಲ್ಲಿ 16, 17ರವರಿಗೆ ಅವಕಾಶವಿದೆ. ಆದರೆ ಪೋಷಕರು ಖುದ್ದಾಗಿ ಜೊತೆಗಿರಬೇಕು, ಇಬ್ಬರದೂ ಗುರುತಿನ ದಾಖಲೆ ತೋರಿಸಬೇಕು, ಒಪ್ಪಿಗೆ ಪತ್ರಕ್ಕೆ ನೋಟರಿಯ ಮುದ್ರೆ ಬೀಳಬೇಕು. "ಒಂದು ಸಹಿ ಹಾಕಿ, ನಾಳೆಯೇ ಮುಗಿಸೋಣ" ಎನ್ನುವುದಕ್ಕೂ ಇದಕ್ಕೂ ಬಹಳ ದೂರ.

ಸೂಜಿ ಹಿಡಿದವನು:

21 ವರ್ಷದಿಂದ ಇದೇ ಕೆಲಸ. 18 ತುಂಬದವರಿಗೆ ನಾನು ಹಾಕುವುದಿಲ್ಲ, ತಂದೆತಾಯಿ ಇಬ್ಬರೂ ಬಂದು ನಿಂತರೂ ಇಲ್ಲ. ಮೊದಲು ಹೀಗಿರಲಿಲ್ಲ.

ಕೆಲಸ ಹಿಡಿದ ಮೂರನೆಯ ವರ್ಷ ಹುಡುಗನೊಬ್ಬ ಅಪ್ಪನ ಒಪ್ಪಿಗೆ ಪತ್ರ ತಂದ. ಗೆರೆ ಹಾಕಿದ ಕಾಗದ, ಕೆಳಗೆ ಸಹಿ, ಪಕ್ಕದಲ್ಲಿ ಮೊಬೈಲ್ ಸಂಖ್ಯೆ. ಕರೆ ಮಾಡಿದೆ. ದಪ್ಪ ದನಿಯೊಂದು "ಹೌದು, ನಾನೇ ಕಳುಹಿಸಿದ್ದು" ಎಂದಿತು. ನಾಲ್ಕು ಗಂಟೆ ಕುಳಿತು ಅವನ ತೋಳಿಗೆ ಹುಲಿಯ ಮುಖ ಹಾಕಿದೆ. ಎರಡು ದಿನ ಬಿಟ್ಟು ನಿಜವಾದ ಅಪ್ಪ ಬಂದರು. ರೇಗಲಿಲ್ಲ. ಮಗನ ತೋಳನ್ನು ನನ್ನ ಮೇಜಿನ ಮೇಲಿಟ್ಟು "ಇದನ್ನು ಅಳಿಸಿ ಕೊಡಿ" ಎಂದರು, ಸ್ಲೇಟಿನ ಮೇಲೆ ಬರೆದದ್ದನ್ನು ಅಳಿಸಿಕೊಡಿ ಎಂದ ಹಾಗೆ. ಬರುವುದಿಲ್ಲ ಎಂದು ಹೇಳುತ್ತಲೇ ಆ ಪತ್ರವನ್ನು ತೆಗೆದೆ. ನನ್ನ ಅರ್ಜಿಯಲ್ಲಿ ಹುಡುಗ ತುಂಬಿದ್ದ ಹೆಸರಿನ ಕೊಂಬು, ಪತ್ರದಲ್ಲಿ ಅಪ್ಪನ ಸಹಿಯ ಕೊಂಬು, ಎರಡೂ ಒಂದೇ ರೀತಿ ಮೇಲೆದ್ದು ಹಿಂದಕ್ಕೆ ಬಾಗಿದ್ದವು. ಅಕ್ಷರದಿಂದಲೇ ಹೊಟ್ಟೆ ಹೊರೆಯುವ ನನ್ನ ಕಣ್ಣಿಗೆ ಅದು ಬಿದ್ದಿರಲಿಲ್ಲ. ಬೀಳಗೊಡಲಿಲ್ಲ ಎಂದರೆ ಹೆಚ್ಚು ಸರಿ. ಹುಲಿ ಆಗಲೇ ತಲೆಯೊಳಗೆ ಚೆನ್ನಾಗಿ ಮೂಡಿಬಿಟ್ಟಿತ್ತು.

ನಿಮ್ಮ ಎರಡನೆಯವರ ವಿಷಯಕ್ಕೆ ಬರುತ್ತೇನೆ. ಮಗಳ ವಯಸ್ಸಿಗೆ ದಾಖಲೆ ಕೇಳಲಿಲ್ಲ ಎಂದಿರಿ. ನೀವು ಅವಳ ತಾಯಿ ಎನ್ನುವುದಕ್ಕೆ ಕೇಳಿದರೇ? ಅದೂ ಇಲ್ಲವೆಂದಾದರೆ, ಸೂಜಿಯ ಪೊಟ್ಟಣವನ್ನು ನಿಮ್ಮ ಕಣ್ಣೆದುರೇ ಹರಿಯುತ್ತಾರೆ, ಉಳಿದ ಶಾಯಿಯನ್ನು ಚೆಲ್ಲುತ್ತಾರೆ ಎಂದು ಯಾವ ನಂಬಿಕೆಯ ಮೇಲೆ ಹೋಗುತ್ತೀರಿ? ಹೆಪಟೈಟಿಸ್ ಬಿ, ಸಿ ಎರಡೂ ರಕ್ತದಿಂದ ಹರಡುವಂಥವು.

ಇನ್ನು ಅಜ್ಜಿಯ ಅಕ್ಷರ. ನನಗೆ ನಿಜವಾಗಿ ಹೇಳಬೇಕಿರುವುದು ಇದನ್ನೇ. ಹಚ್ಚೆಯ ಶಾಯಿ ನಿಲ್ಲುವುದು ಚರ್ಮದ ಎರಡನೆಯ ಪದರದಲ್ಲಿ, ಒಂದೆರಡು ಮಿಲಿಮೀಟರ್ ಆಳಕ್ಕೆ. ಅಲ್ಲಿನ ರಕ್ಷಕ ಕೋಶಗಳು ಅದನ್ನು ನುಂಗಿ ಹಿಡಿದುಕೊಳ್ಳುತ್ತವೆ. ಒಂದು ಕೋಶ ಸತ್ತರೆ ಅದು ಬಿಟ್ಟ ಬಣ್ಣವನ್ನು ಪಕ್ಕದ್ದು ಎತ್ತಿಕೊಳ್ಳುತ್ತದೆ. ಹೀಗೆ ವರ್ಷಗಟ್ಟಲೆ ಕೈ ಬದಲಾಗುತ್ತಾ ಗೆರೆ ಸ್ವಲ್ಪ ಸ್ವಲ್ಪವೇ ದಪ್ಪವಾಗುತ್ತದೆ. ನೇರ ಗೆರೆಯ ಲಿಪಿಗಾದರೆ ಇದು ಅಷ್ಟು ತಟ್ಟುವುದಿಲ್ಲ. ನಮ್ಮ ಲಿಪಿಯ ತುಂಬ ಸುತ್ತುಗಳು. "ಅಜ್ಜಿ"ಯನ್ನೇ ನೋಡಿ: ಮೇಲೆ ಜಕಾರ, ಅದಕ್ಕೆ ಗುಡಿಸು, ಕೆಳಗೆ ಮತ್ತೊಂದು ಜಕಾರದ ಒತ್ತು. ಡೈರಿಯಲ್ಲಿರುವ ಅಳತೆಯಲ್ಲೇ ಹಾಕಿದರೆ ಮೊದಲ ದಿನ ಮುತ್ತಿನಂತೆ ಕಾಣುತ್ತದೆ, ಹತ್ತು ವರ್ಷಕ್ಕೆ ಆ ಒತ್ತು ಒಂದು ಚುಕ್ಕೆ. ನನ್ನ ಕೈಯಲ್ಲಾದರೆ ಒತ್ತೊಂದೇ ಕಿರುಬೆರಳಿನ ಉಗುರಿನಷ್ಟು ಇರಬೇಕು. ಅಷ್ಟು ದೊಡ್ಡದು ಮಣಿಕಟ್ಟಿನಲ್ಲಿ ಹಿಡಿಯುತ್ತದೆಯೋ ಇಲ್ಲವೋ, ಕಾಗದದಲ್ಲಿ ಕತ್ತರಿಸಿ ಇಟ್ಟು ನೋಡಿ.

ಇನ್ನೊಂದು. ಅದು ಪೆನ್ಸಿಲ್ ಬರಹ. ಮಗಳು ದಿನವೂ ಆ ಪುಟವನ್ನು ತೆರೆದು ಮುಚ್ಚುತ್ತಿದ್ದರೆ ಎದುರಿನ ಹಾಳೆಗೆ ಉಜ್ಜಿ ಉಜ್ಜಿ ಮಾಸುತ್ತದೆ. ಹಚ್ಚೆಗೆ ಎರಡು ವರ್ಷ ಕಾಯಬಹುದು, ಪೆನ್ಸಿಲ್ ಕಾಯುವುದಿಲ್ಲ. ಇವತ್ತೇ ಸ್ಕ್ಯಾನ್ ಮಾಡಿಸಿ.

ಹಸಿರು ಎಲೆ:

ಅಕ್ಕಾ, ನನಗೆ 17 ಇದ್ದಾಗ ಅಮ್ಮನೇ ಬಂದು ಸಹಿ ಹಾಕಿದ್ದರು. ಹೆಗಲ ಮೇಲೆ ಬಳ್ಳಿ, ಅದಕ್ಕೆ ಹಸಿರು ಎಲೆಗಳು. ಈಗ 31. ಲೇಸರ್‌ನಲ್ಲಿ ಅಳಿಸುತ್ತಿದ್ದೇನೆ, ಏಳು ಸಲ ಆಯಿತು, ಪ್ರತಿ ಸಲದ ನಡುವೆ ಎಂಟು ವಾರ ಬಿಡುತ್ತಾರೆ. ಲೇಸರ್ ಶಾಯಿಯನ್ನು ಪುಡಿ ಮಾಡುತ್ತದೆ, ಆ ಪುಡಿಯನ್ನು ಮೈ ನಿಧಾನಕ್ಕೆ ಸಾಗಿಸಬೇಕು. ಕಪ್ಪು ಬಳ್ಳಿ ಹೆಚ್ಚುಕಡಿಮೆ ಹೋಯಿತು. ಹಸಿರು ಹಟಮಾರಿ ಬಣ್ಣ, ಎಲೆಗಳು ಇನ್ನೂ ಇವೆ, ಬಳ್ಳಿಯಿಲ್ಲದ ಎಲೆಗಳು. ಕಾದ ಎಣ್ಣೆ ಸಿಡಿದ ಹಾಗಾಗುತ್ತದೆ.

ಪ್ರತಿ ಸಲವೂ ಅಮ್ಮ ಜೊತೆಗೆ ಬಂದು ಹೊರಗೆ ಕೂರುತ್ತಾರೆ. "ನಾನು ಅವತ್ತು ಸಹಿ ಹಾಕಬಾರದಿತ್ತು" ಎನ್ನುತ್ತಾರೆ. ಹಟ ಮಾಡಿದವಳು ನಾನು, ತಪ್ಪನ್ನು ಮಾತ್ರ ಅವರು ತಮ್ಮ ಹೆಸರಿಗೆ ಬರೆದುಕೊಂಡಿದ್ದಾರೆ. ಎಣ್ಣೆಗಿಂತ ಅದು ಹೆಚ್ಚು ಉರಿಯುತ್ತದೆ.

ಸುಮ್ಮನೆ ಬಂದವನು:

ಇಷ್ಟೆಲ್ಲ ಏಕೆ? ಕಪ್ಪು ಮೆಹಂದಿಯಲ್ಲಿ ಬರೆಸಿಬಿಡಿ. ಎರಡು ವಾರ ಇರುತ್ತದೆ, ಹುಡುಗಿಯ ಆಸೆಯೂ ತೀರುತ್ತದೆ.

ಸೂಜಿ ಹಿಡಿದವನು:

ದಯವಿಟ್ಟು ಬೇಡ. ಗೋರಂಟಿ ಬಿಡುವುದು ಕೆಂಪು ಅಥವಾ ಕಂದು ಬಣ್ಣವನ್ನು. ಇದ್ದಿಲಿನಂತೆ ಕಪ್ಪಾಗಿ, ಬೇಗನೆ ಹತ್ತಿತೆಂದರೆ ಅದರಲ್ಲಿ ಕೂದಲಿನ ಬಣ್ಣಕ್ಕೆ ಹಾಕುವ ಪಿಪಿಡಿ ಎಂಬ ರಾಸಾಯನಿಕ ಬೆರೆತಿರುವ ಸಾಧ್ಯತೆ ಹೆಚ್ಚು. ಕೆಲವರಿಗೆ ಬರೆದ ಗೆರೆಯುದ್ದಕ್ಕೂ ಬೊಕ್ಕೆ ಏಳುತ್ತದೆ, ಕಲೆ ಉಳಿಯುತ್ತದೆ. ಒಮ್ಮೆ ಅಲರ್ಜಿ ಹಿಡಿಯಿತೆಂದರೆ ಮುಂದೆ ಯಾವತ್ತೋ ಕೂದಲಿಗೆ ಬಣ್ಣ ಹಚ್ಚಿದಾಗ ಮುಖವೆಲ್ಲ ಊದಿಕೊಳ್ಳಬಹುದು. ಎರಡು ವಾರದ ಆಟಕ್ಕೆ ಇದು ಹೆಚ್ಚಾಯಿತು.

ಡೈರಿಯ ಅಮ್ಮ:

ಎಲ್ಲರಿಗೂ ಧನ್ಯವಾದ. ಹಸಿರು ಎಲೆ, ನಿನ್ನ ಅಮ್ಮನಿಗೆ ನನ್ನ ನಮಸ್ಕಾರ ತಿಳಿಸಮ್ಮ. ಎರಡನೆಯವರಿಗೆ ಬರುವುದಿಲ್ಲವೆಂದು ಹೇಳಿಯಾಯಿತು. ಮಗಳು ಇದನ್ನೆಲ್ಲ ಕುಳಿತು ಓದಿದಳು. 18ರ ಮಾತಿಗೆ ಮುಖ ಗಂಟು ಹಾಕಿದಳು, ಪೆನ್ಸಿಲ್ ಮಾಸುತ್ತದೆ ಎಂದದ್ದನ್ನು ಓದಿ ಎದ್ದು ಹೋಗಿ ಡೈರಿಯನ್ನು ಬಟ್ಟೆಯಲ್ಲಿ ಸುತ್ತಿಟ್ಟಳು.

ಮಾರನೆಯ ದಿನ ಸ್ಕ್ಯಾನ್ ಮಾಡಿಸಿದೆವು. ನೀವು ಹೇಳಿದ ಅಳತೆಗೆ ಹಿಗ್ಗಿಸಿ ಕತ್ತರಿಸಿದ ಕಾಗದ ಮಣಿಕಟ್ಟು ದಾಟಿ ಅಂಗೈಗೆ ಬಂತು. ಅಷ್ಟೇ ಆಗಿದ್ದರೆ ಇಲ್ಲಿ ಬರೆಯುತ್ತಿರಲಿಲ್ಲ. ಅಕ್ಷರ ಸ್ಪಷ್ಟವಾಗಲೆಂದು ಅವಳು ಕಂಪ್ಯೂಟರಿನಲ್ಲಿ ಕಪ್ಪು ಹೆಚ್ಚಿಸಿದಾಗ "ಬೇಗ ಬಾ" ಕೆಳಗೆ ಇನ್ನೊಂದು ಸಾಲು ಮೂಡಿತು. ಅತ್ತೆ ಮೊದಲು ಬರೆದು ರಬ್ಬರಿನಲ್ಲಿ ಅಳಿಸಿದ್ದರು: "ಛತ್ರಿ ಮರೆಯಬೇಡ." ಯಜಮಾನರು ಅದನ್ನು ನೋಡಿ ಸ್ವಲ್ಪ ಹೊತ್ತು ಹೊರಗೆ ಹೋಗಿ ಬಂದರು. ಈಗ ಯಾವ ಸಾಲು ಎಂದು ಅಪ್ಪ ಮಗಳ ನಡುವೆ ಚರ್ಚೆ ನಡೆದಿದೆ. ಅವಳಿಗೆ ಛತ್ರಿಯೇ ಬೇಕಂತೆ.

ಸೂಜಿ ಹಿಡಿದವನು:

"ಛತ್ರಿ"ಯಲ್ಲಿ ಛಕಾರದ ಸುತ್ತುಗಳೂ ಇವೆ, ತ್ರಿಯ ಒತ್ತೂ ಇದೆ. ಮಣಿಕಟ್ಟಿನ ಆಸೆ ಬಿಡಲು ಹೇಳಿ. ಮೊಣಕೈಯಿಂದ ಕೆಳಗೆ ಅವಳ ತೋಳು ಎಷ್ಟು ಉದ್ದ?